ಸುರಗಿ ನೀರಿಗೆ ಮೊದಲು

ನಾನು ಮದುವೆಯಾಗಬೇಕಿದ್ದ ಹುಡುಗಿಯ ಸೋದರಮಾವ ನನ್ನ ರಟ್ಟೆ ಹಿಡಿದರು. ಹಿಡಿದ ಕೈ ಮುಚ್ಚುತ್ತಾ ಹೋಯಿತು. ರಟ್ಟೆ ಸಿಗಬೇಕಾದ ಕಡೆ ರಟ್ಟೆ ಸಿಗಲಿಲ್ಲ. ಮೊದಲು ಅಂಗಿಯ ತೋಳಿನ ಬಟ್ಟೆ ಸಿಕ್ಕಿತು, ಬಟ್ಟೆಯೊಳಗೆ ಒಂದು ಹಿಡಿ ಚರ್ಮ ಸಿಕ್ಕಿತು, ಅದರೊಳಗೆ ಎಲ್ಲೋ ನಾನಿದ್ದೆ.

ಇದು ನಡೆದದ್ದು ಸಿರುಗುಪ್ಪದಲ್ಲಿ, ನಮ್ಮ ನಿಶ್ಚಯದ ಮಧ್ಯಾಹ್ನ. ಉಂಗುರ ತೊಡಿಸುವಾಗ ನಡೆಯಿತು ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಫೋಟೋ ತೆಗೆದು ನೋಡಿದರೆ ಉಂಗುರದ ಹೊತ್ತಿಗೆ ಅವರು ಗುಂಪಿನಲ್ಲೇ ಇಲ್ಲ. ಹಾಗಾದರೆ ಊಟಕ್ಕೆ ಎಬ್ಬಿಸಲು ಕೈ ಕೊಟ್ಟಾಗ ಇರಬೇಕು. ಯಾವಾಗಲೇ ಇರಲಿ, ನಗುತ್ತಾ ಹಿಡಿದವರು ನಗು ನಿಲ್ಲಿಸಿ ಬಿಟ್ಟರು. ಬಿಟ್ಟ ಕೈಯನ್ನು ಪಂಚೆಗೆ ಒರೆಸಿಕೊಂಡರು. ಈ ಒರೆಸಿಕೊಂಡದ್ದನ್ನು ನಾನು ನಿಜಕ್ಕೂ ನೋಡಿದೆನೋ, ಆಮೇಲೆ ಸೇರಿಸಿಕೊಂಡೆನೋ ಹೇಳಲಾರೆ. ಎಲೆಯ ಮೇಲೆ ಹೋಳಿಗೆ ಬಿದ್ದಿತ್ತು. ನಾನು ಪಂಕ್ತಿಯ ಆಚೆ ಕೂತಿದ್ದ ಅವರ ಕೈಯನ್ನೇ ನೋಡುತ್ತಿದ್ದೆ.

ಅದಕ್ಕೆ ಎರಡೂವರೆ ವರ್ಷ ಮೊದಲು ನನ್ನ ತೂಕ ನೂರ ನಲವತ್ತು ಕೆಜಿ. ಈ ಅಂಕಿ ಆಸ್ಪತ್ರೆಯದ್ದಲ್ಲ, ವೇಬ್ರಿಡ್ಜಿನದ್ದು. ಬಳ್ಳಾರಿಯ ಹೊರಗೆ, ಅದಿರು ಲಾರಿಗಳು ಸಾಲುಗಟ್ಟಿ ನಿಲ್ಲುವ ಕಡೆ, ತೂಕದ ಚೀಟಿ ಕೊಡುವ ಕೆಲಸ ನನ್ನದು. ಡ್ರೈವರುಗಳ ಬಾಯಲ್ಲಿ ಆ ಲಾರಿ ತೂಗುವ ಯಂತ್ರ ಕಾಟಾ. ಖಾಲಿ ಗಾಡಿ ಒಮ್ಮೆ ಹತ್ತಬೇಕು, ತುಂಬಿದ ಗಾಡಿ ಒಮ್ಮೆ ಹತ್ತಬೇಕು, ತುಂಬಿದ್ದರಲ್ಲಿ ಖಾಲಿಯದನ್ನು ಕಳೆದರೆ ಅದಿರು. ಗಣಿಯ ಭರಾಟೆಯ ಆ ವರ್ಷಗಳಲ್ಲಿ ಖಾಲಿ ಗಾಡಿ ತೂಗುವ ಪುರುಸೊತ್ತು ಯಾರಿಗೂ ಇರಲಿಲ್ಲ. ಎಂದೋ ತೂಗಿದ ಖಾಲಿ ತೂಕವನ್ನೇ ಬರೆಯುತ್ತಿದ್ದೆ. ತುಂಬಿದ ತೂಕವನ್ನು ಧಣಿ ಹೇಳಿದಷ್ಟು ಬರೆಯುತ್ತಿದ್ದೆ.

ಒಂದು ದಿನ ಗಾಡಿ ಇಲ್ಲದ ಹೊತ್ತಿನಲ್ಲಿ ಡ್ರೈವರುಗಳು ನನ್ನನ್ನು ಎಳೆದು ತಂದು ಕಾಟಾದ ನಡುವೆ ನಿಲ್ಲಿಸಿದರು. ಹತ್ತು ಕೆಜಿಗಿಂತ ಸಣ್ಣ ಲೆಕ್ಕ ಆ ಯಂತ್ರಕ್ಕೆ ಬರುವುದಿಲ್ಲ. ಕೆಂಪು ಅಂಕಿ ಓಡಾಡಿ ನೂರ ನಲವತ್ತಕ್ಕೆ ನಿಂತಿತು. ‘ಅಣ್ಣಾ, ನೀ ಮ್ಯಾಲ ಇದ್ದಾಗ ನಮ್ಮ ಗಾಡಿ ಹತ್ತಿಸಬ್ಯಾಡಪ, ಓವರ್‌ಲೋಡ್ ಕೇಸ್ ಬೀಳತೈತಿ’ ಎಂದ ಒಬ್ಬ. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ದಪ್ಪ ಇದ್ದವರು ಮೊದಲು ಕಲಿಯುವುದು ಅದನ್ನೇ.

ಆ ವರ್ಷ ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗಿ ಡಾಕ್ಟರ ಹತ್ತಿರ ಹೋದೆ. ಅಪ್ಪ ಎಷ್ಟನೇ ವಯಸ್ಸಿಗೆ ಹೋದರು ಎಂದು ಕೇಳಿದರು, ಹೇಳಿದೆ. ನನ್ನ ವಯಸ್ಸು ಕೇಳಿದರು, ಹೇಳಿದೆ. ಆಮೇಲೆ ಏನೂ ಕೇಳಲಿಲ್ಲ. ಮರುದಿನದಿಂದ ಬೆಳಗ್ಗೆ ಬಳ್ಳಾರಿ ಗುಡ್ಡದ ಸುತ್ತ ನಡೆಯಲು ಶುರುಮಾಡಿದೆ. ಅನ್ನ ಬಿಟ್ಟೆ. ಹೊತ್ತಿಗೊಂದು ಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಎರಡು ವರ್ಷಕ್ಕೆ ಎಪ್ಪತ್ತಾರಕ್ಕೆ ಬಂದೆ. ಓಣಿಯವರು ಬೆನ್ನು ತಟ್ಟಿದರು. ಚರ್ಮ ಹಿಂದೆಯೇ ಉಳಿಯುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಹೊಟ್ಟೆಯ ಚರ್ಮ ಮಡಿಕೆ ಬಿದ್ದು ತೊಡೆಯ ಬುಡಕ್ಕೆ ಇಳಿದಿತ್ತು. ಅದನ್ನು ಎತ್ತಿ ಪ್ಯಾಂಟಿನೊಳಗೆ ಸೇರಿಸಿ ಬೆಲ್ಟು ಬಿಗಿಯುತ್ತಿದ್ದೆ. ಎದೆ ಎರಡು ಖಾಲಿ ಚೀಲ. ಕೈ ಎತ್ತಿದರೆ ರಟ್ಟೆಯ ಕೆಳಗೆ ಜೋಲಿ. ಬಳ್ಳಾರಿಯ ಬಿಸಿಲಿಗೆ ಮಡಿಕೆಗಳ ಒಳಗೆಲ್ಲ ಬೆವರು, ಬೆವರಿಗೆ ಅಂಟಿದ ಅದಿರಿನ ಧೂಳು. ಸಂಜೆ ಬಚ್ಚಲಲ್ಲಿ ಒಂದೊಂದೇ ಮಡಿಕೆ ಬಿಡಿಸಿ ತೊಳೆದರೆ ಒಳಗೆ ಹಸಿ ಗೆರೆ, ಗೆರೆಯುದ್ದಕ್ಕೂ ತುರಿಕೆ, ಹುಳಿ ವಾಸನೆ. ಪೌಡರ್ ಸುರಿದು, ಬನಿಯನ್ ಮೇಲೆ ಬನಿಯನ್ ತೊಟ್ಟು, ತುಂಬುತೋಳಿನ ಅಂಗಿಗೆ ಕುತ್ತಿಗೆವರೆಗೂ ಗುಂಡಿ ಹಾಕುತ್ತಿದ್ದೆ. ದಪ್ಪ ಇದ್ದಾಗ ಬರಿಮೈಯಲ್ಲಿ ಕಟ್ಟೆಯ ಮೇಲೆ ಕೂರುತ್ತಿದ್ದವನು ಸಣ್ಣಗಾದ ಮೇಲೆ ಅವ್ವನ ಮುಂದೆಯೂ ಅಂಗಿ ತೆಗೆಯಲಿಲ್ಲ.

ಸಂಬಂಧ ನೋಡಲು ಶುರುವಾದಾಗ ಹಳೆಯ ಫೋಟೋಗಳನ್ನೆಲ್ಲ ಹರಿದೆ. ಒಲೆಗೆ ಹಾಕಿದೆ ಎಂದು ನನ್ನ ನೆನಪು. ಇಲ್ಲ, ಚರಂಡಿಗೆ ಎಸೆದಿ, ನಾಲ್ಕು ದಿನ ನಿನ್ನ ಮುಖ ಅಲ್ಲೇ ನಿಂತಿತ್ತು ಎಂದು ಅವ್ವ ಹೇಳುತ್ತಿದ್ದಳು. ಹೆಣ್ಣಿನ ಕಡೆಯವರು ಕೇಳಿದರೆ ನಾನು ಮೊದಲಿನಿಂದಲೂ ಸಣ್ಣ ಮೈಯವನು ಎನ್ನಬೇಕೆಂದು ಅವಳಿಗೆ ತಾಕೀತು ಮಾಡಿದ್ದೆ. ಅವರು ಕೇಳಲೇ ಇಲ್ಲ. ಅವ್ವ ತಾನಾಗಿಯೇ ಹೇಳಿದಳು, ಎರಡು ಸಲ.

ಹುಡುಗಿ ಒಪ್ಪಿದಳು. ಆ ಸಂತೋಷದ ಬೆನ್ನಿಗೇ ಸುರಗಿಯ ನೆನಪಾಯಿತು. ನಮ್ಮ ಕಡೆ ಮದುವೆಯಲ್ಲಿ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತ ಬಿಳಿ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ಅರಿಶಿನ ಹಚ್ಚಿ ನೀರೆರೆಯುತ್ತಾರೆ. ಮದುಮಗ ಬರಿಮೈ. ಎರಡೂ ಕಡೆಯ ಹೆಂಗಸರ ಕೈ ಅವನ ಮೈಮೇಲೆ. ಜ್ವರ ಎನ್ನಲೇ, ಅರಿಶಿನ ಆಗಿಬರುವುದಿಲ್ಲ ಎನ್ನಲೇ ಎಂದು ನೆಪ ಹುಡುಕುತ್ತಿದ್ದೆ. ಅಷ್ಟರಲ್ಲಿ ಸೋದರಮಾವ ರಟ್ಟೆ ಹಿಡಿದರು.

ಎಂಟು ದಿನಕ್ಕೆ ಅವರ ಫೋನು ಬಂತು. ಲಗ್ನಪತ್ರಿಕೆ ಇನ್ನೂ ಅಚ್ಚಿಗೆ ಕೊಟ್ಟಿಲ್ಲವೆಂದೂ, ನಾನೊಬ್ಬನೇ ಕುರುಗೋಡಿಗೆ ಬರಬೇಕೆಂದೂ ಹೇಳಿದರು. ಹುಡುಗಿಗೆ ತಂದೆ ಇರಲಿಲ್ಲ. ಆ ಮನೆಯಲ್ಲಿ ಇವರ ಮಾತೇ ಕೊನೆಯ ಮಾತು.

ಕುರುಗೋಡಿನ ರಸ್ತೆ ಬದಿಯಲ್ಲಿ ಅವರದು ಪಂಕ್ಚರ್ ಅಂಗಡಿ. ಹದಿನೈದು ವರ್ಷ ಲಾರಿ ಓಡಿಸಿ, ಕೊನೆಕೊನೆಗೆ ಅದಿರು ಸಾಗಿಸಿ, ತಮ್ಮ ತೀರಿಕೊಂಡ ಮೇಲೆ ಸ್ಟೇರಿಂಗ್ ಬಿಟ್ಟು ಅಲ್ಲಿ ಕೂತಿದ್ದರು. ಗೋಡೆಯ ಮೊಳೆಗಳಿಗೆ ಗಾಳಿ ಹೋದ ಟ್ಯೂಬುಗಳು ಜೋತುಬಿದ್ದಿದ್ದವು. ನಾನು ಅತ್ತ ನೋಡಲಿಲ್ಲ. ಚಹಾ ತರಿಸಿದರು. ನಾನು ಲೋಟ ಎತ್ತುವಾಗ ನನ್ನ ಕೈಯನ್ನು ನೋಡಿದರು.

‘ನನ್ನ ತಮ್ಮನೂ ಲಾರಿ ಹೊಡೀತಿದ್ದ’ ಎಂದರು. ‘ಪೈಲ್ವಾನ ಇದ್ದಂಗ ಇದ್ದ. ಒಂದು ವರ್ಷದಾಗ ಇಳದ. ಕಡೀಕ ನಾನಾ ಎತ್ತಿ ಬಚ್ಚಲಕ್ಕ ಒಯ್ತಿದ್ದೆ. ರಟ್ಟಿ ಹಿಡದ್ರ ಹಿಂಗಾ ಸಿಗತಿತ್ತು, ತಮ್ಮಾ.’

ಏನು ಹೇಳುತ್ತಿದ್ದಾರೆಂದು ತಿಳಿಯದಿರುವುದು ಸಾಧ್ಯವಿರಲಿಲ್ಲ. ಆ ವರ್ಷಗಳಲ್ಲಿ ಲಾರಿಯ ರಸ್ತೆಯಲ್ಲಿ ಯಾರ ಮೈ ಇಳಿದರೂ ಜನ ಒಂದೇ ಕಾಯಿಲೆಯನ್ನು ನೆನೆಯುತ್ತಿದ್ದರು, ಏಡ್ಸ್ ಎಂಬ ಹೆಸರು ಹೇಳದೆ ‘ಆ ರೋಗ’ ಎನ್ನುತ್ತಿದ್ದರು. ನಾನು ಲೋಟ ಕೆಳಗಿಟ್ಟೆ. ಮೊದಲು ತುಂಬಾ ದಪ್ಪ ಇದ್ದೆ, ನಡೆದು ನಡೆದು ಇಳಿಸಿದೆ ಎಂದೆ. ನಿಮ್ಮ ಅವ್ವ ಹಾಗೆ ಹೇಳಲಿಲ್ಲವಲ್ಲ ಎಂದರು. ನಾನೇ ಸುಳ್ಳು ಹೇಳಿಸಿದೆ ಎಂದೆ. ಹಳೆಯ ಫೋಟೋ ಕೇಳಿದರು. ಹರಿದುಹಾಕಿದೆ ಎಂದೆ. ಪ್ರತಿಯೊಂದು ನಿಜವೂ ನನ್ನ ಬಾಯಿಂದ ಬೀಳುವಾಗಲೇ ಸುಳ್ಳಿನಂತೆ ಕೇಳಿಸಿತು.

ರಕ್ತ ಪರೀಕ್ಷೆ ಮಾಡಿಸಿ ಕಾಗದ ತಂದುಕೊಡುತ್ತೇನೆ ಎಂದೆ. ಅವರು ಮೊದಲ ಸಲ ನಕ್ಕರು.

‘ನೀ ಚೀಟಿ ಕೊಡಾಂವ. ಅಂಥಾ ಚೀಟಿ ಹಿಡಕೊಂಡು ನಾ ಗಾಡಿ ಹೊಡದೀನಿ. ಚೀಟ್ಯಾಗ ಎಷ್ಟಿತ್ತು, ಗಾಡ್ಯಾಗ ಎಷ್ಟಿತ್ತು, ನಿನಗೂ ಗೊತ್ತು, ನನಗೂ ಗೊತ್ತು. ನನಗ ಕಾಗದ ತರಬ್ಯಾಡ.’

ನನ್ನ ಓಣಿಯವರನ್ನು ಕೇಳಿ ಎನ್ನಬಹುದಿತ್ತು, ಎಂದೆನೋ ಏನೋ. ಓಣಿಯವರು ನಿನ್ನ ಕಡೆಯವರು ಎಂಬ ಉತ್ತರ ಮಾತ್ರ ಕಿವಿಯಲ್ಲಿದೆ. ಬರುವ ಸೋಮವಾರ ಸಿರುಗುಪ್ಪಕ್ಕೆ ಬಾ, ನಮ್ಮ ಅವ್ವ ನಿನ್ನನ್ನು ನೋಡಬೇಕಂತೆ, ಆಮೇಲೆ ಬೇಕು ಬೇಡ ಹೇಳುತ್ತೇವೆ ಎಂದರು. ಬಸ್ಸಿನಲ್ಲಿ ಬಳ್ಳಾರಿಗೆ ವಾಪಸು ಬರುವಾಗ ನಾನು ಹೊಟ್ಟೆಯ ಮೇಲೆ ಎರಡೂ ಕೈ ಕಟ್ಟಿಕೊಂಡು ಕೂತಿದ್ದೆ.

ಕಾಗದವಲ್ಲದ ಸಾಕ್ಷಿ ಏನಿದೆ? ಎರಡು ದಿನ ಅದೇ ಯೋಚನೆ. ಕೌಲ್ ಬಜಾರಿನ ನಮ್ಮ ಹಳೆಯ ಟೈಲರ್ ಚಾಚಾ ನೆನಪಾದರು. ನನ್ನ ಅಳತೆಯ ಪ್ಯಾಂಟು ಊರಿನ ಯಾವ ಜೀನ್ಸ್ ಅಂಗಡಿಯಲ್ಲೂ ಸಿಗದಿದ್ದ ಕಾಲದಲ್ಲಿ ಎಲ್ಲವನ್ನೂ ಅವರೇ ಹೊಲಿದವರು. ಸಣ್ಣಗಾದ ಮೇಲೆ ನಾನು ಅತ್ತ ತಲೆ ಹಾಕಿರಲಿಲ್ಲ. ಒಳಗೆ ಕಾಲಿಟ್ಟಾಗ ಅವರಿಗೆ ಗುರುತು ಸಿಗಲಿಲ್ಲ, ದನಿಯಿಂದ ಹಿಡಿದರು.

‘ದಪ್ಪ ಇದ್ರೆ ನನ್ ಕಡೆ ಬರ್ತೀರಿ, ಸಣ್ಣ ಆದ್ರೆ ರೆಡಿಮೇಡ್ ಕಡೆ ಹೋಗ್ತೀರಿ’ ಎಂದರು. ‘ಹಂಗಾದ್ರೆ ನಾನು ಗಿರಾಕಿಗೆಲ್ಲಾ ತುಪ್ಪ ತಿನ್ನಿಸ್ಬೇಕು, ಬೇಟಾ.’

ಮೇಲಿನ ಹಲಗೆಯಿಂದ ಒಂದು ಗಂಟು ಇಳಿಸಿದರು. ಒಳಗೆ ನನ್ನದೇ ಪ್ಯಾಂಟು, ಕಂದು ಬಣ್ಣದ್ದು. ಹೊಲಿಸಲು ಕೊಟ್ಟು, ನಡೆಯಲು ಶುರುಮಾಡಿ, ಒಯ್ಯದೆ ಬಿಟ್ಟದ್ದು. ಸೊಂಟದ ಪಟ್ಟಿಯ ಒಳಗೆ ಸೀಮೆಸುಣ್ಣದಲ್ಲಿ ಬರೆದ ಅಂಕಿ ಇನ್ನೂ ಅಳಿಸಿರಲಿಲ್ಲ. ಹಿಡಿದುಕೊಂಡಾಗ ನನಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಇಷ್ಟು ದಿನ ಯಾರಿಂದ ತಪ್ಪಿಸಿಕೊಂಡು ಓಡಾಡಿದ್ದೆನೋ ಅವನನ್ನೇ ಚೀಲದಲ್ಲಿ ಮಡಚಿಕೊಂಡು ಹೆಣ್ಣಿನ ಮನೆಗೆ ಹೋಗಬೇಕಿತ್ತು.

ಸೋಮವಾರ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳ ಹೊಟ್ಟು ಗಾಳಿಯಲ್ಲೆಲ್ಲ ಹಾರುತ್ತಿತ್ತು. ಪಡಸಾಲೆಯಲ್ಲಿ ಹುಡುಗಿಯ ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. ಸೂಲಗಿತ್ತಿಯಾಗಿ ಆ ಊರಿನ ಎಷ್ಟೋ ಮನೆಗಳ ಮಕ್ಕಳನ್ನು ಕೈಯಲ್ಲಿ ಹಿಡಿದವಳು. ಸೋದರಮಾವನ ತಾಯಿ. ಅಂದರೆ ಸತ್ತ ತಮ್ಮನಿಗೂ ಅವಳೇ ತಾಯಿ. ಸೋದರಮಾವ ಹೊಸ್ತಿಲ ಮೇಲೆ ನಿಂತಿದ್ದರು. ಹುಡುಗಿಯೂ ಅವಳ ತಾಯಿಯೂ ಅಡುಗೆಮನೆಯಲ್ಲಿದ್ದರು. ಅಲ್ಲಿ ಒಂದು ಪಾತ್ರೆಯ ಸದ್ದೂ ಇರಲಿಲ್ಲ.

ಪ್ಯಾಂಟು ತೆಗೆದು ಅವಳ ಮುಂದಿಟ್ಟೆ. ಸೊಂಟ ಹಿಡಿದು ಅಗಲಿಸಿ ನೋಡಿದಳು. ಅವಳ ಎರಡೂ ಹೆಗಲು ದಾಟಿ ಬಟ್ಟೆ ಇನ್ನೂ ಉಳಿಯಿತು. ಇದರಾಗ ನಮ್ಮ ಮನಿ ಮಂದಿಯೆಲ್ಲ ನಿಂದರಬೋದು ಎಂದಳು. ಯಾರದ್ದೋ ತಂದಿದ್ದರೆ ಎಂದರು ಸೋದರಮಾವ. ಅವಳು ಪ್ಯಾಂಟನ್ನು ಪಕ್ಕಕ್ಕೆ ಸರಿಸಿದಳು.

‘ಅಂಗಿ ತಗಿ, ಮಗನ.’

ನಾನೇ ತೆಗೆದೆ ಎಂದು ಬರೆಯಲು ಇಷ್ಟ. ಮೂರನೇ ಗುಂಡಿಗೆ ಕೈ ನಿಂತಿತು. ಉಳಿದದ್ದನ್ನು ಮುದುಕಿ ಬಿಚ್ಚಿದಳು, ಹಟ ಮಾಡುವ ಮಗುವಿಗೆ ಬಿಚ್ಚುವಂತೆ. ಒಂದು ಬನಿಯನ್, ಇನ್ನೊಂದು ಬನಿಯನ್. ಕೊನೆಗೆ ಬೆಲ್ಟು ಸಡಿಲಿಸಿದಾಗ ಹೊಟ್ಟೆಯ ಚರ್ಮ ಹೊರಗೆ ಬಂದು ಇಳಿಯಿತು. ಬೆವರಿಗೆ ಹಿಟ್ಟಾಗಿದ್ದ ಪೌಡರ್ ನೆಲದ ಮೇಲೆ ಉದುರಿತು. ನಾನು ಎದುರು ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದೆ. ಯಾವ ತಿಂಗಳು ಎಂದು ಕೇಳಿದರೆ ಇವತ್ತಿಗೂ ಗೊತ್ತಿಲ್ಲ.

ಅವಳ ಬೆರಳುಗಳು ಒಂದು ಕಡೆಯಿಂದ ಶುರುಮಾಡಿ ನಿಧಾನವಾಗಿ ನಡೆದವು. ಮಡಿಕೆ ಎತ್ತಿದಳು, ಹಸಿ ಗೆರೆ ನೋಡಿದಳು, ಮೂಸಿದಳು. ಕಣ್ಣಿನ ಕೆಳಗೆ ಎಳೆದು ನೋಡಿದಳು, ನಾಲಗೆ ಚಾಚು ಎಂದಳು. ಆಮೇಲೆ ಬೆಳಕಿಗೆ ತಿರುಗಿಸಿ ಹೊಟ್ಟೆಯ ಚರ್ಮವನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದಳು.

‘ಬಾ ಇಲ್ಲಿ’ ಎಂದು ಮಗನನ್ನು ಕರೆದಳು. ‘ಈ ಬಿಳಿ ಗೆರಿ ಕಾಣ್ತಾವೇನು? ಹಡದ ಹೆಂಗ್ಸಿನ ಹೊಟ್ಟಿ ಮ್ಯಾಲ ಇರ್ತಾವು. ತುಂಬಿ ಇಳದ ಚರ್ಮಕ್ಕ ಬೀಳತಾವು. ನಿನ್ನ ತಮ್ಮನ ಮೈಮ್ಯಾಲ ಇದ್ವೇನು?’

ಮುದುಕಿ ಚರ್ಮದ ಕೆಳಗೆ ಬೆರಳು ಒತ್ತಿದಳು, ನನಗೆ ನೋವಾಗುವಷ್ಟು. ‘ಚರ್ಮ ಅಷ್ಟ ಸಡ್ಲ. ಒಳಗ ಗಟ್ಟಿ ಐತಿ. ಅವಗ ಒಳಗ ಏನೂ ಉಳದಿರಲಿಲ್ಲ.’

ಆದರೂ, ಎಂದರು ಅವರು.

‘ಆದ್ರೂ ಅನ್ನಾಂವ ಇದ್ರ ಇಬ್ರೂ ಬಳ್ಳಾರಿಗೆ ಹೋಗ್ರಿ. ನಿನ್ನ ಕಣ್ಣೆದುರಿಗೆ ರಕ್ತ ಕೊಡ್ಲಿ, ಕಾಗದ ನಿನ್ನ ಕೈಗೆ ಬರ್ಲಿ.’ ಅಷ್ಟು ಹೇಳಿ ಅವಳು ನನ್ನ ಹೊಟ್ಟೆಯನ್ನು ಬಿಟ್ಟಳು. ‘ಹೋದಾಗ ನೀನೂ ಕೊಟ್ಟು ಬಾ. ನೀನೂ ಅದಾ ರೋಡಿನ್ಯಾಗ ಇದ್ದಾಂವ. ನೀ ಹೇಳವಲ್ಲಿ, ನಾ ಕೇಳವಲ್ಲೆ, ಎರಡು ವರ್ಷ ಆತು.’

ಸೋದರಮಾವ ಹೊಸ್ತಿಲಿಗೆ ಹೋಗಿ ಬೆನ್ನು ಮಾಡಿ ನಿಂತರು. ಕುರುಗೋಡಿನಲ್ಲಿ ನನ್ನ ಕೈಯನ್ನೇ ನೋಡುತ್ತಾ ಕೂತಿದ್ದವರ ಎದೆಯಲ್ಲಿ ಏನಿತ್ತೆಂದು ಆಗ ಹೊಳೆಯಿತು. ಆಗಲೇ ಹೊಳೆಯಿತೋ, ಈಗ ಬರೆಯುವಾಗ ಹೊಳೆಯಿತೋ.

ಅಡುಗೆಮನೆಯ ಬಾಗಿಲಲ್ಲಿ ಹುಡುಗಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಎಂದು ಗೊತ್ತಿಲ್ಲ. ನಾನು ಅಂಗಿಗೆ ಬಗ್ಗಿದೆ. ಬಗ್ಗಿದರೆ ಮೈಯೆಲ್ಲ ಮುಂದೆ ಜೋಲುತ್ತದೆಂದು ನೆನಪಾಗಿ ಅರ್ಧಕ್ಕೇ ನಿಂತೆ.

‘ಇನ್ನೇನು ಮುಚ್ಚಿಟ್ಟೀರಿ?’ ಎಂದಳು. ಅದು ಅವಳು ನೇರವಾಗಿ ನನಗೆ ಆಡಿದ ಮೊದಲ ಮಾತು.

‘ಚೀಟ್ಯಾಗ ಸುಳ್ಳು ತೂಕ ಬರೀತೀನಿ.’

‘ಅದು ಜಿಲ್ಲಾಕೆಲ್ಲ ಗೊತ್ತೈತಿ. ನನ್ನ ಮುಂದ ಮುಚ್ಚಿಟ್ಟಿದ್ದ ಕೇಳಿದೆ.’

ಕನ್ನಡಿ ಇಲ್ಲದ ಬಚ್ಚಲಲ್ಲೇ ಸ್ನಾನ ಮಾಡುತ್ತೇನೆ ಎಂದೆ. ಅದು ಉತ್ತರವಾಗಿತ್ತೋ ಇಲ್ಲವೋ. ಅವಳು ನನ್ನನ್ನು ನೋಡಿದಳು, ಮುಖವನ್ನಲ್ಲ, ಮೇಲಿಂದ ಕೆಳಗೆ ಪೂರ್ತಿ. ರಕ್ತದ ಕಾಗದ ಬರಲಿ, ಆಮೇಲೆ ಹೇಳುತ್ತೇನೆ ಎಂದು ಒಳಗೆ ಹೋದಳು.

ಎರಡು ದಿನಕ್ಕೆ ಬಳ್ಳಾರಿಯ ಆಸ್ಪತ್ರೆಯ ಬೆಂಚಿನ ಮೇಲೆ ಸೋದರಮಾವನೂ ನಾನೂ ಪಕ್ಕಪಕ್ಕ ಕೂತಿದ್ದೆವು. ನನ್ನ ಸರದಿ ಮೊದಲು ಬಂತು. ತೋಳು ಮೇಲೇರಿಸಿದೆ. ನರ್ಸಮ್ಮ ರಟ್ಟೆಗೆ ರಬ್ಬರು ಕಟ್ಟಲು ಹೋದರೆ ಜೋಲುವ ಚರ್ಮವೆಲ್ಲ ಅದರೊಳಗೆ ಸಿಕ್ಕಿಕೊಂಡಿತು. ಎರಡು ಸಲ ಬಿಚ್ಚಿ ಕಟ್ಟಿದಳು. ಕೊನೆಗೆ ನನ್ನ ಹಿಂದೆ ನಿಂತಿದ್ದವರಿಗೆ ಇದನ್ನ ಮ್ಯಾಲೆತ್ತಿ ಹಿಡಕೊಳ್ರಿ ಎಂದಳು. ಸೋದರಮಾವ ಬಂದು ನನ್ನ ರಟ್ಟೆ ಹಿಡಿದರು.

ಬರೆಯುವಾಗ ಇಲ್ಲಿ ಕೈ ತಡೆಯುತ್ತದೆ. ನಿಶ್ಚಯದ ದಿನದ ಆ ಹಿಡಿತಕ್ಕೆ ಈ ಹಿಡಿತ ಇಷ್ಟು ಸರಿಯಾಗಿ ಬಂದು ಕೂರುವುದನ್ನು ನಾನು ನಂಬುವುದಿಲ್ಲ. ಆದರೆ ನಾಲ್ಕು ಬೆರಳಿನ ನೀಲಿ ಗುರುತು ಎರಡು ದಿನ ರಟ್ಟೆಯ ಮೇಲಿತ್ತು, ಯಾರು ಹಿಂಗ ಹಿಡದ್ರು ಎಂದು ಅವ್ವ ಕೇಳಿದ್ದಳು. ಅವ್ವ ನನ್ನ ರಟ್ಟೆ ನೋಡಿದಳೆಂದರೆ ಆಗಲೇ ನಾನು ಮನೆಯಲ್ಲಿ ತೋಳು ಮಡಚಲು ಶುರುಮಾಡಿದ್ದೆ ಎಂದಾಯಿತು.

ಅವರ ಸರದಿ ಬಂದಾಗ ಅವರು ಏಳಲಿಲ್ಲ. ನರ್ಸಮ್ಮ ಎರಡು ಸಲ ಕರೆದಳು. ‘ಬರ್ರಿ ಮಾವಾರ’ ಎಂದೆ. ಎದ್ದರು. ಸೂಜಿ ಹೋಗುವಾಗ ಅವರು ನೋಡುತ್ತಿದ್ದದ್ದು ಬಾಗಿಲ ಕಡೆ.

ಕಾಗದಗಳು ಬಂದ ದಿನ ನನ್ನದನ್ನು ಅವರೇ ಇಸಿದುಕೊಂಡು ಎರಡು ಸಲ ಓದಿದರು, ನನಗೆ ಕೊಟ್ಟರು. ಏನೂ ಇರಲಿಲ್ಲ. ತಮ್ಮದನ್ನು ತೆಗೆದುಕೊಂಡು ಆಸ್ಪತ್ರೆಯ ಹಿಂದಿನ ಬೇವಿನ ಮರದ ಕಡೆ ಹೋದರು. ನಾನು ಕಾದೆ. ಬಹಳ ಹೊತ್ತಿನ ಮೇಲೆ ಬಂದರು, ಮುಖ ತೊಳೆದುಕೊಂಡಿದ್ದರು. ಅವರ ಕಾಗದದಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಇವತ್ತಿಗೂ ಇದ್ದಾರೆ, ಪಂಕ್ಚರ್ ಅಂಗಡಿಯೂ ಇದೆ. ಬಸ್ ಸ್ಟ್ಯಾಂಡಿನಲ್ಲಿ ನಾನು ಹುಡುಗಿ ಏನಂದಳು ಎಂದು ಕೇಳಿದೆ.

‘ಬೆಳಿಗ್ಗೆ ಫೋನ್ ಮಾಡಿದ್ಲು’ ಎಂದರು. ‘ಸುರಗಿಗೆ ಅಂಗಿ ತಗದು ಕೂಡ್ತಾನ ಅಂದ್ರ ಲಗ್ನಪತ್ರಿಕಿ ಅಚ್ಚಿಗೆ ಕೊಡು ಅಂದಾಳ.’

ಜ್ವರದ ನೆಪ, ಅರಿಶಿನದ ನೆಪ ಎರಡೂ ಇನ್ನೂ ನನ್ನ ಬಳಿ ಇದ್ದವು. ಸಿರುಗುಪ್ಪದ ಬಸ್ಸು ಹೊರಡುವ ಹೊತ್ತಾಗಿತ್ತು. ಅವರು ಒಂದು ಕಾಲು ಮೆಟ್ಟಿಲ ಮೇಲಿಟ್ಟು ಕಾಯುತ್ತಿದ್ದರು. ಕೊಡ್ರಿ ಎಂದೆ.

ಮದುವೆಯ ಬೆಳಿಗ್ಗೆ ನಾಲ್ಕು ತಂಬಿಗೆಯ ನಡುವೆ ಮಣೆಯ ಮೇಲೆ ಕೂತು ಅಂಗಿ ತೆಗೆದೆ. ಈ ಸಲ ಗುಂಡಿಗಳನ್ನು ನಾನೇ ಬಿಚ್ಚಿದೆ, ಇದಕ್ಕೆ ವಿಡಿಯೋ ಇದೆ. ಅರಿಶಿನದ ಬಟ್ಟಲು ಹಿಡಿದ ಹೆಂಗಸರು ಸುಮ್ಮನಾದರು. ವಿಡಿಯೋದಲ್ಲಿ ಆ ಮೌನ ಬಹಳ ಸಣ್ಣದು, ಅಲ್ಲಿ ಕೂತಿದ್ದವನಿಗೆ ಅಷ್ಟು ಸಣ್ಣದಿರಲಿಲ್ಲ. ಒಬ್ಬಳು ಬಂದು ಹೆಗಲಿಗೆ ಹಚ್ಚಿದಳು. ಇನ್ನೊಬ್ಬಳು ಹೊಟ್ಟೆಗೆ ಹಚ್ಚಲು ಹೋಗಿ, ಮಡಿಕೆ ಕಂಡು, ಒಂದು ಗಳಿಗೆ ತಡೆದು, ಎತ್ತಿ ಒಳಗೂ ಹಚ್ಚಿದಳು. ಹಸಿ ಗೆರೆಗಳಿಗೆ ಅರಿಶಿನ ತಾಗಿ ಉರಿಯಿತು.

‘ಒಂದು ಬಟ್ಟಲ ಸಾಲಂಗಿಲ್ಲ ಬಿಡವ್ವ’ ಎಂದಳು ಅವಳು. ‘ಇವ್ರಿಗೆ ಇಬ್ರು ಮದುಮಕ್ಕಳ ಅರಿಶಿಣ ಹಿಡೀತೈತಿ.’

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಗಲು ನನ್ನ ಬಾಯಿ ತಾನಾಗಿಯೇ ತೆರೆಯಿತು. ಮುಚ್ಚಿದೆ. ತಲೆಯ ಮೇಲೆ ನೀರು ಬಿತ್ತು, ಹೊಟ್ಟೆಯ ಮಡಿಕೆಯಲ್ಲಿ ನಿಂತಿತು, ತುಂಬಿ ಹರಿಯಿತು. ಪಕ್ಕದಲ್ಲಿ ಕೂತಿದ್ದ ಮದುಮಗಳೂ ನಗಲಿಲ್ಲ ಎಂದು ನನ್ನ ನೆನಪು. ನಾ ನಕ್ಕಿದ್ದೆ, ನೀವು ನೋಡಲಿಲ್ಲ ಎನ್ನುತ್ತಾಳೆ ಅವಳು.